ಅಗ್ನಿಪರ್ವತದ ಗಾಜಿನಿಂದ ನಿಜವಾಗಿಯೂ ಕತ್ತಿ ಮಾಡಬಹುದಾ?

ನೀವು ಕೇಳಿದ್ದು ಇಷ್ಟು: ನಿಮ್ಮ ಫ್ಯಾಂಟಸಿ ಕಾದಂಬರಿಯ ನಾಯಕಿಯ ಕೈಯಲ್ಲಿ ಅಗ್ನಿಪರ್ವತದ ಕಪ್ಪು ಗಾಜಿನ ಉದ್ದನೆಯ ಕತ್ತಿ ಇದೆ. ಲಾವಾವನ್ನು ಅಚ್ಚಿಗೆ ಸುರಿದು ಅದನ್ನು ಮಾಡುತ್ತಾರೆ. ಉಕ್ಕಿನ ಎದುರು ಅದು ನಿಲ್ಲುತ್ತದಾ? ಇತಿಹಾಸದಲ್ಲಿ ಯಾರಾದರೂ ಇಂಥದ್ದನ್ನು ಬಳಸಿದ್ದಾರಾ? ಈ ಗಾಜು ನಮ್ಮ ಕಡೆ ಸಿಗುತ್ತದಾ?

ಮೊದಲು ನೇರ ಉತ್ತರ. ಇಡೀ ಕತ್ತಿ ಗಾಜಿನದ್ದಾದರೆ ಮೊದಲ ಪೆಟ್ಟಿಗೇ ಚೂರಾಗುತ್ತದೆ. ಮರದ ಆಯುಧಕ್ಕೆ ಗಾಜಿನ ಅಲಗು ಕೂರಿಸಿದರೆ ಮಾತೇ ಬೇರೆ. ಅಂಥ ಆಯುಧ ಹಿಡಿದು ಒಂದು ಸಾಮ್ರಾಜ್ಯವನ್ನೇ ಕಟ್ಟಿದವರಿದ್ದಾರೆ. ನಿಮ್ಮ ಕಥೆಗೆ ಬೇಕಾದದ್ದು ಅದೇ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಈ ಗಾಜಿಗೆ ಅಬ್ಸಿಡಿಯನ್ ಅಂತ ಹೆಸರು. ನೂರಕ್ಕೆ 70ಕ್ಕಿಂತ ಹೆಚ್ಚು ಪಾಲು ಸಿಲಿಕಾ (ಮರಳಿನಲ್ಲಿರುವ ಮುಖ್ಯ ವಸ್ತು) ಇರುವ ಲಾವಾ, ಹರಳುಗಟ್ಟಲು ಸಮಯ ಸಿಗದೆ ಬೇಗ ತಣ್ಣಗಾದರೆ ಅಬ್ಸಿಡಿಯನ್ ಆಗುತ್ತದೆ. ಸಿನಿಮಾದಲ್ಲಿ ಕೆಂಪಗೆ ಹರಿಯುವ ಲಾವಾ ಇದಲ್ಲ. ಅದು ಹವಾಯಿಯಂಥ ಕಡೆ ಬರುವ, ಸಿಲಿಕಾ ಕಡಿಮೆ ಇರುವ ಬಸಾಲ್ಟ್ ಜಾತಿಯದ್ದು. ಅಬ್ಸಿಡಿಯನ್ ಕೊಡುವ ಲಾವಾ ತುಂಬಾ ಮಂದ. ಗುಡ್ಡೆಗಟ್ಟಿಕೊಂಡು ನಿಧಾನಕ್ಕೆ ಜರುಗುತ್ತದೆ. ಅದನ್ನು ಮೊಗೆದು ಅಚ್ಚಿಗೆ ಸುರಿಯಲು ಆಗುವುದಿಲ್ಲ.

ತಣ್ಣಗಾದ ಕಲ್ಲನ್ನೇ ಕುಲುಮೆಗೆ ಹಾಕಿ ಕರಗಿಸಿದರೆ? ಅದೂ ಕೈಕೊಡುತ್ತದೆ. ಅಬ್ಸಿಡಿಯನ್ ಒಳಗೆ ಸ್ವಲ್ಪ ನೀರು ಸೇರಿಕೊಂಡಿರುತ್ತದೆ. ಸುಮಾರು 900 ಡಿಗ್ರಿ ದಾಟುವ ಹೊತ್ತಿಗೆ ಗಾಜು ಮೆತ್ತಗಾಗಿ, ಆ ನೀರು ಆವಿಯಾಗಿ, ಕಾದ ಎಣ್ಣೆಗೆ ಬಿದ್ದ ಸಂಡಿಗೆಯ ಹಾಗೆ ಕಲ್ಲು ಉಬ್ಬಿಬಿಡುತ್ತದೆ. ಉಳಿಯುವುದು ಹಗುರಾದ ನೊರೆಗಲ್ಲು. ಹೂವಿನ ಕುಂಡಕ್ಕೆ ಹಾಕುವ ಬಿಳಿ ಪರ್ಲೈಟ್ ನೋಡಿದ್ದೀರಲ್ವಾ? ನೀರು ಹೀರಿಕೊಂಡ ಇಂಥ ಗಾಜನ್ನೇ ಕಾಯಿಸಿ, ಉಬ್ಬಿಸಿ ಅದನ್ನು ಮಾಡುತ್ತಾರೆ. ಹಾಗಾಗಿ ನಿಮ್ಮ ಕಥೆಯಲ್ಲಿ ಎರಕದ ದೃಶ್ಯ ಬೇಡ. ಇಲ್ಲಿ ಕುಲುಮೆ ಇಲ್ಲ, ಸಾಣೆ ಇಲ್ಲ. ಒಡೆದು ಚಕ್ಕೆ ಎಬ್ಬಿಸುವುದೊಂದೇ ದಾರಿ.

ಆ ಒಡೆಯುವ ಕೆಲಸವನ್ನು ದಯವಿಟ್ಟು ಸುಮ್ನೆ ಒಂದು ಸಾಲಿನಲ್ಲಿ ಮುಗಿಸಬೇಡಿ. ನಾನು ಬಿಡುವಿದ್ದಾಗ ಬಾಟಲಿಯ ತಳದ ದಪ್ಪ ಗಾಜನ್ನು ಕೆತ್ತಿ ಬಾಣದ ಮೊನೆ ಮಾಡುತ್ತೇನೆ. ಗಾಜು ಗಾಜೇ, ಅಬ್ಸಿಡಿಯನ್ ಕೂಡ ಹೀಗೇ ನಡೆದುಕೊಳ್ಳುತ್ತದೆ. ಮೊದಲು ಗಾಜಿನ ಅಂಚನ್ನು ಒರಟು ಕಲ್ಲಿಗೆ ಉಜ್ಜಿ ಮೊಂಡು ಮಾಡಬೇಕು. ಹರಿತ ಅಂಚಿನ ಮೇಲೆ ಒತ್ತಿದರೆ ಅದು ಪುಡಿಯಾಗುತ್ತದೆ, ಚಕ್ಕೆ ಏಳುವುದಿಲ್ಲ. ಆಮೇಲೆ ಎಡಗೈ ಮೇಲೆ ದಪ್ಪ ಚರ್ಮದ ತುಂಡು, ಅದರ ಮೇಲೆ ಗಾಜು. ಮರದ ಹಿಡಿಗೆ ಕೂರಿಸಿದ ತಾಮ್ರದ ಮೊನೆಯನ್ನು ಅಂಚಿಗೆ ಇಟ್ಟು, ಮೊದಲು ಗಾಜಿನ ಒಳಮುಖಕ್ಕೆ ಒತ್ತಿ ಭಾರ ಹಾಕುತ್ತೇನೆ. ಭಾರ ತುಂಬಿದೆ ಅನಿಸಿದಾಗ ಸ್ವಲ್ಪ ಕೆಳಕ್ಕೆ ವಾಲಿಸುತ್ತೇನೆ. ಟಿಕ್ ಅಂತ ಒಂದು ಸದ್ದು. ಒತ್ತಿದ್ದು ಮೇಲಿನಿಂದ, ಚಕ್ಕೆ ಏಳುವುದು ಕೆಳಮೈಯಿಂದ. ಚರ್ಮ ತಿರುಗಿಸಿ ನೋಡಿದರೆ ಉಗುರಗಲದ, ತೆಳ್ಳಗಿನ, ಅಲೆಅಲೆ ಗೆರೆಯಿರುವ ಚೂರು ಬಿದ್ದಿರುತ್ತದೆ. ಅದನ್ನು ಬೆರಳಿನಿಂದ ಮುಟ್ಟಬಾರದು. ಚರ್ಮ ಕುಯ್ದದ್ದು ಗೊತ್ತಾಗುವುದಿಲ್ಲ, ರಕ್ತ ಕಂಡ ಮೇಲೇ ಗೊತ್ತಾಗುವುದು. ಈ ಕೆಲಸದ ಧೂಳು ಕೂಡ ಶ್ವಾಸಕೋಶಕ್ಕೆ ಕೆಟ್ಟದ್ದು. ನೀವೂ ಪ್ರಯತ್ನಿಸುವುದಾದರೆ ಕನ್ನಡಕ ಹಾಕಿಕೊಂಡು, ಮಾಸ್ಕ್ ಕಟ್ಟಿಕೊಂಡು, ಗಾಳಿಯಾಡುವ ಜಾಗದಲ್ಲಿ ಕೂತು ಮಾಡಿ.

ಬಾಟಲಿ ಗಾಜು ಅಂದಾಗ ಇಶಿ ನೆನಪಾಗುತ್ತಾನೆ. ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟಿನ ಕೊನೆಯ ಮನುಷ್ಯ. ತನ್ನವರೆಲ್ಲ ಸತ್ತ ಮೇಲೆ 1911ರಲ್ಲಿ ಕಾಡಿನಿಂದ ಒಬ್ಬನೇ ಹೊರಗೆ ಬಂದ. ಬದುಕಿನ ಕೊನೆಯ ಕೆಲವು ವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂ ಒಂದರಲ್ಲಿದ್ದು, ಅಬ್ಸಿಡಿಯನ್ನಿನಿಂದಲೂ ಬಾಟಲಿ ಗಾಜಿನಿಂದಲೂ ಬಾಣದ ಮೊನೆ ಕೆತ್ತಿ ತೋರಿಸುತ್ತಿದ್ದ. ಅವು ಎಷ್ಟು ಚೆಂದ ಅಂದರೆ ಕೆತ್ತನೆ ಕಲಿಯುವವರು ಇವತ್ತಿಗೂ ಅವುಗಳ ಫೋಟೋ ಮುಂದಿಟ್ಟುಕೊಂಡು ಕಲಿಯುತ್ತಾರೆ.

ಇನ್ನು ಹರಿತದ ವಿಷಯ. ಒಳ್ಳೆಯ ಅಬ್ಸಿಡಿಯನ್ ಚಕ್ಕೆಯ ಅಂಚು 3 ನ್ಯಾನೋಮೀಟರ್‌ನಷ್ಟು ತೆಳ್ಳಗಿರಬಹುದು. ಆಪರೇಷನ್‌ಗೆ ಬಳಸುವ ಉಕ್ಕಿನ ಬ್ಲೇಡಿನ ಅಂಚು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಹಲ್ಲುಹಲ್ಲಾಗಿ ಕಾಣುತ್ತದೆ. ಗಾಜಿನೊಳಗೆ ಹರಳುಗಳಿಲ್ಲ, ಹಾಗಾಗಿ ಬಿರುಕು ಎಲ್ಲೂ ಎಡವದೆ ನುಣ್ಣಗೆ ಓಡುತ್ತದೆ, ಅಂಚು ಅಷ್ಟು ತೆಳ್ಳಗೆ ಬರುತ್ತದೆ. ಅದೇ ಕಾರಣಕ್ಕೆ ಆಯುಧಕ್ಕೆ ಪೆಟ್ಟು ಬಿದ್ದಾಗಲೂ ಬಿರುಕು ಎಲ್ಲೂ ನಿಲ್ಲದೆ ಆಚೆ ಬದಿ ಮುಟ್ಟುತ್ತದೆ. ಹರಿತವೂ ಮುರುಕುತನವೂ ಹುಟ್ಟುವುದು ಒಂದೇ ಕಡೆಯಿಂದ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆಯಲು ಬರುವುದಿಲ್ಲ. ಮಂತ್ರ ಹಾಕಿಸುವುದಾದರೆ ಬೇರೆ, ಅದು ನಿಮ್ಮ ಹಕ್ಕು.

ತೂಕ ಏನೂ ತೊಂದರೆ ಅಲ್ಲ. 80 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ, 1 ಸೆಂಟಿಮೀಟರ್ ದಪ್ಪದ ಗಾಜಿನ ಪಟ್ಟಿ ಒಂದು ಕೆಜಿಯೊಳಗೇ ಇರುತ್ತದೆ. ಅದೇ ಅಳತೆಯ ಉಕ್ಕು ಮೂರು ಕೆಜಿ ದಾಟುತ್ತದೆ. ಗಾಜಿನ ತೊಂದರೆ ಬಾಗದಿರುವುದು. ಉಕ್ಕು ಬಾಗಿ ಪೆಟ್ಟನ್ನು ತಡೆದುಕೊಳ್ಳುತ್ತದೆ. ಗಾಜಿಗೆ ಆ ಗುಣ ಇಲ್ಲ.

ಈ ಕಷ್ಟಕ್ಕೆ ಮೆಕ್ಸಿಕೋದ ಜನ ಕಂಡುಕೊಂಡ ಉಪಾಯವೇ ಮಾಕ್ವಾವಿಟ್ಲ್. ಅಜ್ಟೆಕ್ ಯೋಧರ ಮುಖ್ಯ ಆಯುಧ. ಗಟ್ಟಿ ಮರದ ಚಪ್ಪಟೆ ದೊಣ್ಣೆ. ಉದ್ದ ಸುಮಾರು ಒಂದು ಮೀಟರ್. ಎರಡೂ ಅಂಚಿನುದ್ದಕ್ಕೆ ತೋಡು ಕೊರೆದು, ಅದರೊಳಗೆ ಅಬ್ಸಿಡಿಯನ್ ಅಲಗುಗಳನ್ನು ಸಾಲಾಗಿ ಅಂಟಿನಿಂದ ಕೂರಿಸುತ್ತಿದ್ದರು. ಪೆಟ್ಟಿನ ಭಾರ ತಡೆಯುವುದು ಮರ, ಕುಯ್ಯುವುದು ಗಾಜು. ಒಂದು ಅಲಗು ಮುರಿದರೆ ಅದನ್ನಷ್ಟೇ ಕಿತ್ತು ಬೇರೆ ಕೂರಿಸಿದರಾಯಿತು.

ಇದರ ಪೆಟ್ಟು ಎಂಥದ್ದು ಅನ್ನುವುದಕ್ಕೆ ಎದುರಾಳಿಯ ಸಾಕ್ಷಿಯೇ ಇದೆ. ಅಜ್ಟೆಕ್ ಸಾಮ್ರಾಜ್ಯವನ್ನು ಗೆದ್ದ ಸ್ಪೇನಿನ ಕೊರ್ಟೆಸ್‌ನ ಸೈನ್ಯದಲ್ಲಿದ್ದ ಬೆರ್ನಾಲ್ ದಿಯಾಸ್ ಅನ್ನುವ ಸೈನಿಕ ಮುದಿವಯಸ್ಸಿನಲ್ಲಿ ತನ್ನ ನೆನಪುಗಳನ್ನು ಬರೆದಿಟ್ಟ. 1519ರಲ್ಲಿ ಅಜ್ಟೆಕ್ ಜನರ ನೆರೆಯ ರಾಜ್ಯವಾದ ತ್ಲಾಶ್ಕಾಲಾದವರ ಜೊತೆ ನಡೆದ ಕಾಳಗದಲ್ಲಿ ಪೆದ್ರೋ ದೆ ಮೊರೋನ್ ಅನ್ನುವವನ ಕುದುರೆಗೆ ಇಂಥ ಆಯುಧದ ಏಟು ಬಿತ್ತಂತೆ. ಕತ್ತು ಕತ್ತರಿಸಿ ತಲೆ ಬರೀ ಚರ್ಮದಲ್ಲಿ ನೇತಾಡುತ್ತಿತ್ತು ಅಂತ ಅವನು ಬರೆದಿದ್ದಾನೆ. ಸ್ಪೇನಿನವರಲ್ಲಿ ಎಷ್ಟೋ ಜನ ತಮ್ಮ ಲೋಹದ ಕವಚ ಬಿಟ್ಟು, ಅಲ್ಲಿಯವರ ಹತ್ತಿ ತುಂಬಿದ ದಪ್ಪ ಕವಚ ತೊಡಲು ಶುರು ಮಾಡಿದರು. ಬಿಸಿಲಿಗೆ ಅದೇ ಹಗುರ, ಬಾಣಕ್ಕೂ ಅಲಗಿಗೂ ಅದೇ ಸಾಕಾಗುತ್ತಿತ್ತು.

ಬೇಸರದ ಸಂಗತಿ ಏನೆಂದರೆ, ಉಳಿದುಕೊಂಡಿದ್ದ ಅಸಲಿ ಮಾಕ್ವಾವಿಟ್ಲ್ ಮ್ಯಾಡ್ರಿಡ್‌ನ ರಾಜರ ಆಯುಧಾಗಾರದಲ್ಲಿತ್ತು. 1884ರ ಬೆಂಕಿಯಲ್ಲಿ ಸುಟ್ಟುಹೋಯಿತು. ಈಗ ನಮಗಿರುವುದು ಚಿತ್ರಗಳು, ಸ್ಪೇನಿನವರ ಬರಹ, ಮತ್ತು ಅವುಗಳನ್ನು ನೋಡಿ ಹೊಸದಾಗಿ ಮಾಡಿದವು ಮಾತ್ರ.

ಆ ಅಲಗುಗಳನ್ನು ಮಾಡುತ್ತಿದ್ದ ಕುಶಲಕರ್ಮಿಗಳ ಬಗ್ಗೆ ನಿಮ್ಮ ಕಾದಂಬರಿಯಲ್ಲಿ ಒಂದು ಅಧ್ಯಾಯವನ್ನೇ ಬರೆಯಿರಿ ಅಂತ ನಾನು ಬೇಡಿಕೊಳ್ಳುತ್ತೇನೆ. ಆ ಕಾಲದ ಸ್ಪೇನಿನ ಪಾದ್ರಿಗಳು ಕಣ್ಣಾರೆ ನೋಡಿ ಬರೆದಿದ್ದಾರೆ. ಕೆಲಸಗಾರ ನೆಲದ ಮೇಲೆ ಕೂತು, ಕಂಬದಾಕಾರಕ್ಕೆ ತಿದ್ದಿದ ಕಲ್ಲನ್ನು ಎರಡು ಪಾದಗಳ ನಡುವೆ ಬಿಗಿಯಾಗಿ ಹಿಡಿಯುತ್ತಾನೆ. ಉದ್ದನೆಯ ಮರದ ಸಲಕರಣೆಯ ತುದಿಯನ್ನು ಕಲ್ಲಿನ ಅಂಚಿಗೆ ಇಟ್ಟು ಮೈಭಾರ ಹಾಕಿ ಒತ್ತುತ್ತಾನೆ. ಒಂದು ಒತ್ತಿಗೆ ಒಂದು ಅಲಗು. ಉದ್ದಕ್ಕೆ ನೇರ, ಎರಡೂ ಬದಿ ಹರಿತ. ಒಂದೇ ಕಲ್ಲಿನಿಂದ ಹತ್ತಾರು ಅಲಗು ಎದ್ದು ಬರುತ್ತವೆ. ಅಜ್ಟೆಕ್ ರಾಜಧಾನಿಯ ಪಕ್ಕದ ತ್ಲಾತೆಲೋಲ್ಕೋ ಸಂತೆಯಲ್ಲಿ ಇವರನ್ನು ನೋಡಿದ್ದಾಗಿ ದಿಯಾಸ್ ಕೂಡ ಬರೆದಿದ್ದಾನೆ. ಮಾಕ್ವಾವಿಟ್ಲ್‌ಗೆ ಬೇಕಾದದ್ದೂ, ತಲೆ ಬೋಳಿಸಲು ಬೇಕಾದದ್ದೂ, ಅಡುಗೆಮನೆಗೆ ಬೇಕಾದದ್ದೂ ಇದೇ ಅಲಗು.

ಈ ವಿದ್ಯೆ ಆಮೇಲೆ ಮರೆತೇ ಹೋಗಿತ್ತು. ಅಮೆರಿಕದ ಡಾನ್ ಕ್ರಾಬ್‌ಟ್ರೀ ಅನ್ನುವವರು ಪ್ರಯೋಗ ಮಾಡಿ ಮಾಡಿ ಅಂಥದ್ದೇ ಅಲಗು ಎಬ್ಬಿಸುವುದನ್ನು ಸಾಧಿಸಿ 1968ರಲ್ಲಿ ಲೇಖನ ಪ್ರಕಟಿಸಿದರು. 1970ರ ದಶಕದಲ್ಲಿ ಅವರಿಗೇ ಆಪರೇಷನ್ ಆಗಬೇಕಾದಾಗ, ಅವರು ಮಾಡಿಕೊಟ್ಟ ಅಬ್ಸಿಡಿಯನ್ ಅಲಗಿನಿಂದಲೇ ಡಾಕ್ಟರ್ ಕುಯ್ದರು. ನಿಮ್ಮ ಕಥೆಯಲ್ಲಿ ಒಬ್ಬ ವೈದ್ಯೆಯೂ ಇದ್ದರೆ, ಈ ಗಾಜು ಯೋಧರಿಗಿಂತ ಅವಳ ಕೈಗೇ ಚೆನ್ನಾಗಿ ಒಪ್ಪುತ್ತದೆ.

ಉಕ್ಕಿನ ಎದುರು ಏನಾಗುತ್ತದೆ? ಬರಿಮೈ, ಬಟ್ಟೆ, ಕುದುರೆಯ ಕತ್ತು, ಇವುಗಳ ಮೇಲೆ ಅಬ್ಸಿಡಿಯನ್ ಭಯಂಕರ. ಕಬ್ಬಿಣದ ಟೋಪಿಗೆ, ಎದೆಕವಚಕ್ಕೆ ಬಡಿದರೆ ಅಲಗು ಪುಡಿಪುಡಿ. ಮೇಲಿಂದ ಸಾಣೆ ಹಿಡಿದು ಹರಿತ ಮಾಡಲೂ ಬರುವುದಿಲ್ಲ. ನಾಯಕಿ ಉಕ್ಕಿನ ಕತ್ತಿಗೆ ಕತ್ತಿ ತಾಗಿಸಿ ಹೋರಾಡುವಂತಿಲ್ಲ. ತಪ್ಪಿಸಿಕೊಂಡು, ಕವಚ ಇಲ್ಲದ ಜಾಗ ಹುಡುಕಿ ಒಂದೇ ಏಟು ಹಾಕಬೇಕು. ಕಾಳಗದ ದೃಶ್ಯಕ್ಕೆ ಇದು ಒಳ್ಳೆಯದೇ ಅಲ್ವಾ? ಚುಚ್ಚುವ ಕೆಲಸಕ್ಕೂ ಗಾಜು ಅಷ್ಟಕ್ಕಷ್ಟೇ. ಅಜ್ಟೆಕ್ ಜನರು ಕೂಡ ನರಬಲಿಗೆ ಹೆಚ್ಚಾಗಿ ಬಳಸಿದ್ದು ಅಬ್ಸಿಡಿಯನ್ ಅಲ್ಲ, ಅದಕ್ಕಿಂತ ಗಟ್ಟಿಯಾದ ಚಕಮಕಿ ಕಲ್ಲಿನ ಚೂರಿ.

ಬೇರೆ ಕಡೆಯದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಪಪುವಾ ನ್ಯೂಗಿನಿಯ ಮಾನುಸ್ ದ್ವೀಪಗಳ ಕಡೆಯವರು ಅಬ್ಸಿಡಿಯನ್ ಮೊನೆಯ ಈಟಿ, ಚೂರಿ ಮಾಡುತ್ತಿದ್ದರು. ಎಸೆಯುವ ಈಟಿಗೆ ಈ ಗಾಜು ತಕ್ಕದ್ದು, ಗುರಿ ಮುಟ್ಟಿದ ಮೇಲೆ ಮುರಿದರೂ ಎಸೆದವರಿಗೆ ನಷ್ಟವಿಲ್ಲ. ಈಸ್ಟರ್ ದ್ವೀಪದ ಕಥೆ ಉಲ್ಟಾ. ಅಲ್ಲಿ ಮಾತಾಆ ಅನ್ನುವ ಅಬ್ಸಿಡಿಯನ್ ಚೂರುಗಳು ಸಾವಿರಗಟ್ಟಲೆ ಬಿದ್ದಿವೆ. ಅವೆಲ್ಲ ಈಟಿಯ ಮೊನೆ, ಆ ಜನ ಹೊಡೆದಾಡಿ ಸತ್ತರು ಅಂತ ಬಹಳ ಕಾಲ ಹೇಳುತ್ತಿದ್ದರು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು 400ಕ್ಕೂ ಹೆಚ್ಚು ಮಾತಾಆಗಳ ಆಕಾರ ಅಳೆದು ನೋಡಿತು. ಯುದ್ಧಕ್ಕೆಂದೇ ಮಾಡಿದ ಲಕ್ಷಣ ಅವುಗಳಲ್ಲಿಲ್ಲ, ಕುಯ್ಯುವ, ಹೆರೆಯುವ ದಿನಬಳಕೆಯ ಸಲಕರಣೆ ಇರಬೇಕು ಅನ್ನುವ ತೀರ್ಮಾನಕ್ಕೆ ಬಂತು. ಕಪ್ಪಗೆ, ಹರಿತವಾಗಿ ಇದ್ದ ಮಾತ್ರಕ್ಕೆ ಆಯುಧ ಅಂದುಬಿಡುವುದು ನನಗೆ ಅನ್ಯಾಯ ಅನಿಸುತ್ತದೆ. ಒಂದು ಜನಾಂಗದ ಮೇಲೆ ಅಷ್ಟು ದೊಡ್ಡ ಆರೋಪ ನಿಂತದ್ದು ಇಂಥ ಊಹೆಯ ಮೇಲೆ.

ನಮ್ಮ ಕಡೆಯ ಪ್ರಶ್ನೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕಪ್ಪು ಕಲ್ಲು ಲಾವಾದಿಂದಲೇ ಆದದ್ದು, ನಿಜ. ಆದರೆ ಅದು ಬಸಾಲ್ಟ್, ಸಿಲಿಕಾ ಅರ್ಧದಷ್ಟೇ. ಮೇಲಾಗಿ ಸುಮಾರು 6.6 ಕೋಟಿ ವರ್ಷ ಹಳೆಯದು. ಅಬ್ಸಿಡಿಯನ್ ಅಷ್ಟು ಕಾಲ ಗಾಜಾಗಿ ಉಳಿಯುವುದು ಬಹಳ ಅಪರೂಪ, ನಿಧಾನಕ್ಕೆ ಹರಳುಗಟ್ಟಿಬಿಡುತ್ತದೆ. ಆದರೂ ನೀವು ಒಮ್ಮೆ ಬಳ್ಳಾರಿಯ ಸಂಗನಕಲ್ಲಿಗೆ ಹೋಗಿ ಬನ್ನಿ. ಅಲ್ಲಿನ ಹಿರೇಗುಡ್ಡದಲ್ಲಿ ಹೊಸ ಶಿಲಾಯುಗದ ಜನ ಡಾಲರೈಟ್ ಕಲ್ಲಿನ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದರು. ಕಲ್ಲಿನ ಆಯುಧ ಅಂದರೆ ಎಷ್ಟು ಜನರ ದುಡಿಮೆ ಅಂತ ಅಲ್ಲಿ ನಿಂತರೆ ಅರ್ಥವಾಗುತ್ತದೆ. ಬೆಣಚುಕಲ್ಲಿನ, ಚರ್ಟ್ ಅನ್ನುವ ಗಟ್ಟಿ ಕಲ್ಲಿನ ಚಿಕ್ಕ ಚಿಕ್ಕ ಅಲಗುಗಳೂ ನಮ್ಮಲ್ಲಿ ಸಿಕ್ಕಿವೆ. ಅಂಥವನ್ನು ಮರಕ್ಕೋ ಮೂಳೆಗೋ ಅಂಟಿಸಿ ಬಳಸುತ್ತಿದ್ದರು. ಮಾಕ್ವಾವಿಟ್ಲ್ ಹಿಂದಿರುವ ಯೋಚನೆಯೂ ಅದೇ.

ಕೊನೆಗೆ ಕಥೆಗೆ ಬೇಕಾದ ಒಂದೆರಡು ವಿಷಯ. ಅಲಗು ಮುರಿಯುತ್ತಲೇ ಇರುತ್ತದೆ, ಹಾಗಾಗಿ ನಿಮ್ಮ ಸೈನ್ಯಕ್ಕೆ ಗಣಿ ಬೇಕು, ಕಲ್ಲು ಹೊರುವ ದಾರಿ ಬೇಕು. ಮೆಕ್ಸಿಕೋದಲ್ಲಿ ಪಚೂಕಾ ಹತ್ತಿರದ ಬೆಟ್ಟಗಳ ಹಸಿರು ಅಬ್ಸಿಡಿಯನ್ ಅಷ್ಟು ದೂರದ ಮಾಯಾ ಊರುಗಳಲ್ಲೂ ಸಿಕ್ಕಿದೆ. ಆ ಗಣಿಗಳು ಬೇರೆ ಬೇರೆ ಕಾಲದಲ್ಲಿ ತಿಯೋತಿವಾಕಾನ್, ತೋಲ್ತೆಕ್, ಅಜ್ಟೆಕ್ ಜನರ ಕೈಯಲ್ಲಿದ್ದವು. ಗಣಿ ಕೈತಪ್ಪಿದರೆ ಸೈನ್ಯದ ಹಲ್ಲು ಹೋದಂತೆ, ಕಥೆಯ ತಿರುವು ಅಲ್ಲೇ ಇಡಬಹುದು. ಇನ್ನೊಂದು: ಪ್ರತಿ ಬೆಟ್ಟದ ಅಬ್ಸಿಡಿಯನ್ನಿನಲ್ಲೂ ಅತಿ ಕಡಿಮೆ ಪ್ರಮಾಣದ ಧಾತುಗಳ ಬೆರಕೆ ಬೇರೆ ಬೇರೆ. ಎಕ್ಸ್‌ರೇ ಪರೀಕ್ಷೆ ಮಾಡಿದರೆ ಕಲ್ಲು ಯಾವ ಬೆಟ್ಟದ್ದು ಅಂತ ಹೇಳಬಹುದು. ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್‌ಗೆ ಜ್ಯೋತಿಷ್ಯ ಹೇಳುತ್ತಿದ್ದ ಜಾನ್ ಡೀಯದ್ದು ಅನ್ನಲಾಗುವ ಕಪ್ಪು ಕನ್ನಡಿ ಪಚೂಕಾದ ಕಲ್ಲು ಅಂತ 2021ರಲ್ಲಿ ಗೊತ್ತಾದದ್ದು ಹೀಗೇ. ನಿಮ್ಮ ಲೋಕದಲ್ಲಿ ಎಕ್ಸ್‌ರೇ ಇಲ್ಲದಿದ್ದರೂ, ಹಳೆಯ ಕೆಲಸಗಾರ್ತಿಯೊಬ್ಬಳು ಬಣ್ಣ ನೋಡಿ, ಬೆಳಕಿಗೆ ಹಿಡಿದು, ಕೊಲೆಗೆ ಬಳಸಿದ ಅಲಗು ಯಾವ ಬೆಟ್ಟದ್ದು ಅಂತ ಹೇಳಬಲ್ಲಳು.

ಗುಹೆಯಲ್ಲಿ ಸಾವಿರ ವರ್ಷ ಬಿದ್ದಿದ್ದ ಅಲಗು ಹರಿತವಾಗಿರುತ್ತದಾ ಅಂತಲೂ ಯಾರಾದರೂ ಓದುಗರು ಕೇಳಿಯಾರು. ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಮೇಲ್ಮೈ ನಿಧಾನಕ್ಕೆ ನೀರು ಹೀರಿಕೊಂಡು ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪದರ ಬೆಳೆಯುತ್ತದೆ. ಆ ಪದರದ ದಪ್ಪ ಅಳೆದು ಕಲ್ಲು ಯಾವಾಗ ಒಡೆದದ್ದು ಅಂತ ಅಂದಾಜು ಮಾಡುವ ವಿಧಾನವೂ ಇದೆ. ಹೊಚ್ಚಹೊಸ ಅಲಗಿನ ಹರಿತ ಅದಕ್ಕೆ ಇರಲಾರದು, ಆದರೆ ಕೈ ಕುಯ್ಯಲು ಅದು ಧಾರಾಳ ಸಾಕು.