"ಅದು ಶೋಕಿಗೆ ಮೇಡಂ, ಇದು ಕೆಲಸಕ್ಕೆ"

ಸೈಕಲ್ ವಿಷಯ ಹಿಡಿದುಕೊಂಡು ಆಪ್ತಸಲಹೆಗೆ ಯಾರಾದರೂ ಬರುತ್ತಾರಾ? ಬರುತ್ತಾರೆ. ಸೈಕಲ್ ಅಂತ ಹೇಳಿಕೊಂಡು ಬರುವುದಿಲ್ಲ, ಅಷ್ಟೇ. "ಹೇಳಿದ ಮಾತು ಕೇಳಲ್ಲ", "ಹಟ ಜಾಸ್ತಿ ಆಗಿದೆ", "ಮನೆ ಮರ್ಯಾದೆ ಬಗ್ಗೆ ಯೋಚನೆನೇ ಇಲ್ಲ" ಅಂತ ಮಾತು ಶುರುವಾಗುತ್ತದೆ. ಅದೂ ಇದೂ ಮಾತಾಡಿದ ಮೇಲೆ ಸೈಕಲ್ ನಿಧಾನಕ್ಕೆ ಹೊರಗೆ ಬರುತ್ತದೆ. ಹಾಸನದಲ್ಲಿ ಈ ಥರದ ಮನೆಗಳನ್ನು ಸುಮಾರು ನೋಡಿದ್ದೇನೆ. ಅರವತ್ತರ ಹತ್ತಿರ ಬಂದ ಅಪ್ಪ ಇನ್ನೂ ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೋಗುತ್ತಾರಲ್ಲ ಅಂತ ಬೆಂಗಳೂರಿನ ಮಗನಿಗೆ ಅವಮಾನ. ಸೈಕಲ್‌ನಲ್ಲಿ ಓಡಾಡುವ ಹುಡುಗನಿಗೆ ಹೆಣ್ಣು ಯಾರು ಕೊಡ್ತಾರೆ ಅಂತ ಇನ್ನೊಬ್ಬ ತಾಯಿಗೆ ಚಿಂತೆ. ಆ ಪೈಕಿ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಬರೆಯಲು ಒಪ್ಪಿದ್ದಾರೆ.

ಆಕೆಗೆ ಮೂವತ್ತು ದಾಟಿದೆ. ಊರಾಚೆಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಗಂಡನಿಗೆ ಪೇಟೆಯಲ್ಲಿ ಸಣ್ಣ ಅಂಗಡಿ. ಶಾಲೆಗೆ ಹೋಗುವ ಮಗಳು, ಜೊತೆಗೆ ಅತ್ತೆ. ಮೊದಲು ಗಂಡನೇ ಬೈಕಿನಲ್ಲಿ ಬಿಟ್ಟು ಬರುತ್ತಿದ್ದರು. ಅಂಗಡಿಯ ಹುಡುಗ ಕೆಲಸ ಬಿಟ್ಟ ಮೇಲೆ ಬೆಳಗ್ಗೆ ಬೇಗ ಬಾಗಿಲು ತೆಗೆಯಬೇಕಾಯಿತು. ಆಕೆ ಬಸ್ಸು ಹಿಡಿದರು. ಕೊನೆಗೆ ಒಂದು ದಿನ ಯಾರಿಗೂ ಹೇಳದೆ ಸೆಕೆಂಡ್ ಹ್ಯಾಂಡ್ ಲೇಡೀಸ್ ಸೈಕಲ್ ತಂದು ಗೇಟಿನ ಒಳಗೆ ನಿಲ್ಲಿಸಿದರು.

ಮನೆಯಲ್ಲಿ ಯಾರಿಗೂ ಅರ್ಥವಾಗದ ವಿಷಯ ಬಸ್ಸಿನದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ನಮ್ಮ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಹಾಗಾಗಿ ದುಡ್ಡು ಉಳಿಸೋಕೆ ಸೈಕಲ್ ಅಂತ ಹೇಳುವ ಹಾಗೂ ಇಲ್ಲ. "ಪುಕ್ಕಟೆ ಬಸ್ಸು ಬಿಟ್ಟು ಸೈಕಲ್ ತುಳ್ಕೊಂಡು ಹೋಯ್ತಾಳೆ ಅಂದ್ರೆ ಏನು ಹೇಳೋಣ ಮೇಡಂ?" ಅಂತ ಅತ್ತೆ ಕೇಳಿದರು. ಆಕೆಯ ಉತ್ತರ ಸರಳವಾಗಿತ್ತು. ಎರಡು ಬಸ್ಸು ಬದಲಿಸಬೇಕು. ಒಂದು ತಪ್ಪಿದರೆ ಇನ್ನೊಂದೂ ತಪ್ಪುತ್ತದೆ. ಸೈಕಲ್ ಆದರೆ ಐದು ಕಿಲೋಮೀಟರ್ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. "ಸಂಜೆ ಕಟ್ಟಿನಕೆರೆ ಮಾರ್ಕೆಟ್ಟಲ್ಲಿ ಸೊಪ್ಪು ತಗೊಂಡು, ನಮ್ಮಮ್ಮನ ಮನೆಗೆ ಒಂದು ಗಳಿಗೆ ಹೋಗಿ ಬರ್ತೀನಿ. ಯಾರಿಗೂ ಕಾಯ್ಬೇಕಾಗಿಲ್ಲ, ಯಾರನ್ನೂ ಕೇಳ್ಬೇಕಾಗಿಲ್ಲ."

ಕೊನೆಯ ಮಾತು ಹೇಳುವಾಗ ಆಕೆ ಗಂಡನ ಕಡೆ ನೋಡಲಿಲ್ಲ.

ಗಂಡ ಒಳ್ಳೆಯವರೇ. ಕೈ ಎತ್ತುವ, ಕೂಗಾಡುವ ಪೈಕಿ ಅಲ್ಲ. ಸೈಕಲ್ ಬೇಡ, ಸಾಲ ಮಾಡಿ ಸ್ಕೂಟಿ ಕೊಡಿಸ್ತೀನಿ ಅನ್ನುತ್ತಿದ್ದರು. ಅಂಗಡಿ ಸಾಲ ಇನ್ನೂ ತೀರಿಲ್ಲ, ಕಂತು ಕಟ್ಟಬೇಕಾದ್ದು ನನ್ನ ಸಂಬಳದಲ್ಲಿ, ನಾನು ಕೇಳದೇ ಇರೋ ಗಾಡಿಗೆ ನಾನ್ಯಾಕೆ ಕಟ್ಟಲಿ ಅಂತ ಆಕೆ. ಜಗಳ ಇಲ್ಲಿಗೆ ಬಂದು ನಿಂತಿತ್ತು. ಮಾತು ಬಿಟ್ಟು ವಾರಗಳಾಗಿದ್ದವು.

ಎರಡನೇ ಸಲ ಬಂದಾಗ ಗಂಡ ತಯಾರಾಗಿಯೇ ಬಂದಿದ್ದರು. ಬಿ.ಎಂ. (ಬೆಂಗಳೂರು–ಮಂಗಳೂರು) ರಸ್ತೆಯ ಲಾರಿಗಳು. ಕುಡಿದು ಬೈಕ್ ಓಡಿಸುವ ಹುಡುಗರು. ಬೀದಿನಾಯಿ. ಚಳಿಗಾಲದ ಬೆಳಗಿನ ಮಂಜು. ಡಿಸೆಂಬರಿನಲ್ಲಿ ಆರೂಕಾಲಿಗೆಲ್ಲ ಕವಿಯುವ ಕತ್ತಲು. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆಗೆದಾಗ ಊರಿಗೆ ಊರೇ ಜಾಮ್ ಆಗುವುದು. ಅಷ್ಟನ್ನೂ ಅವರ ಮಾತಿನಲ್ಲೇ ಬರೆದುಕೊಂಡೆ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಹೇಳುತ್ತ ಹೇಳುತ್ತ ಅವರು ಹೆಂಡತಿಯ ಕಾಲಿನ ಕಡೆ ಕೈ ತೋರಿಸಿದರು. ತಿಳಿನೀಲಿ ಪ್ಯಾಂಟಿನ ಬಲಗಾಲಿನ ಅಂಚಿನಲ್ಲಿ ಚೈನಿನ ಗ್ರೀಸು ಕಪ್ಪಗೆ ಮೆತ್ತಿಕೊಂಡಿತ್ತು. "ಆಫೀಸಿಗೆ ಹೋಗೋ ಹೆಂಗಸು ಮೇಡಂ. ಇದನ್ನ ಹಾಕ್ಕೊಂಡೇ ನಿಮ್ಮ ಮುಂದೆ ಕೂತಿದ್ದಾಳೆ."

ಲಾರಿಯ ಮಾತಿನಿಂದ ಗ್ರೀಸಿನ ಮಾತಿಗೆ ಬಂದಾಗ ಅವರ ದನಿ ಬೇರೆಯಾಯಿತು. ಲಾರಿ ಹೇಳುವಾಗ ಪಾಠ ಒಪ್ಪಿಸುವ ಹಾಗಿತ್ತು. ಗ್ರೀಸು ಹೇಳುವಾಗ ಮುಖ ಕೆಂಪಾಗಿತ್ತು. ಅದಕ್ಕೇ ನಾನು ಒಂದು ಪ್ರಶ್ನೆ ಕೇಳಿದೆ. ಈಗ ಇಂಥ ಎಲ್ಲರಿಗೂ ಕೇಳುತ್ತೇನೆ.

"ಹೀಗೆ ಇಟ್ಟುಕೊಳ್ಳಿ. ನಿಮ್ಮ ಮನೆಯಿಂದ ಕಾರ್ಖಾನೆಗೆ ಇನ್ನೊಂದು ದಾರಿ ಇದೆ. ಗದ್ದೆ ಬದಿಯ ದಾರಿ. ಒಂದು ನರಪಿಳ್ಳೆ ಓಡಾಡಲ್ಲ. ನಿಮ್ಮ ಪರಿಚಯದವರು ಯಾರೂ ನೋಡಲ್ಲ. ಆ ದಾರಿಯಲ್ಲಿ ಇವರು ಸೈಕಲ್‌ನಲ್ಲಿ ಹೋದರೆ ನಿಮಗೆ ಪರವಾಗಿಲ್ಲವಾ?"

ಅವರು ಜಾಸ್ತಿ ಯೋಚನೆ ಮಾಡಲಿಲ್ಲ. "ಹೂಂ... ಹಂಗಾದ್ರೆ ಪರವಾಗಿಲ್ಲ" ಅಂದರು.

ಆಕೆ ತಟ್ಟನೆ ತಿರುಗಿದರು. "ಜನ ಇಲ್ಲದ ದಾರೀಲಿ ಒಬ್ಬಳೇ ಹೋದ್ರೆ ಪರವಾಗಿಲ್ವಾ ನಿಮಗೆ?"

ಅವರಿಗೆ ತಾವು ಹೇಳಿದ್ದು ಏನು ಅಂತ ಆಗ ಗೊತ್ತಾಯಿತು. ಹೆಂಗಸೊಬ್ಬಳಿಗೆ ನಿರ್ಜನ ದಾರಿ ಎಷ್ಟು ಕಷ್ಟ ಅಂತ ಹಾಸನದಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭಯವೇ ಕಾರಣವಾಗಿದ್ದರೆ ಆ ದಾರಿ ಬೇಡವೇ ಬೇಡ ಅನ್ನಬೇಕಿತ್ತು.

ಇಲ್ಲಿಗೇ ನಿಲ್ಲಬಹುದಿತ್ತು. ಆಕೆ ನಿಲ್ಲಿಸಲಿಲ್ಲ. ಅಂಗಡಿಗೆ ಬರುವ ಡಾಕ್ಟರೊಬ್ಬರ ವಿಷಯ ತೆಗೆದರು. ಆ ಡಾಕ್ಟರು ಭಾನುವಾರ ಹೆಲ್ಮೆಟ್ ಹಾಕಿಕೊಂಡು ಶೆಟ್ಟಿಹಳ್ಳಿಯವರೆಗೆ ಸೈಕಲ್ ಹೊಡೆಯುತ್ತಾರೆ. ಹೇಮಾವತಿ ಹಿನ್ನೀರಿನಲ್ಲಿ ಮುಳುಗೇಳುವ ಹಳೇ ಚರ್ಚ್ ಇದೆಯಲ್ಲ, ಅಲ್ಲಿಗೆ. "ನೀವೇ ಮನೇಲಿ ಹೊಗಳ್ತಿದ್ರಿ, ಈ ವಯಸ್ಸಲ್ಲೂ ಹೆಂಗೆ ತುಳೀತಾರೆ ನೋಡು ಅಂತ."

ಅದಕ್ಕೆ ಗಂಡ ಕೊಟ್ಟ ಉತ್ತರವೇ ಈ ಬರಹದ ತಲೆಬರಹ. "ಅದು ಶೋಕಿಗೆ ಮೇಡಂ, ಇದು ಕೆಲಸಕ್ಕೆ."

ಇಷ್ಟು ನೇರವಾಗಿ ಯಾರೂ ನನಗೆ ಹೇಳಿರಲಿಲ್ಲ. ಶೋಕಿಗೆ ತುಳಿದರೆ ಮನೆಯಲ್ಲಿ ಕಾರಿದೆ ಅಂತ ಅರ್ಥ. ಕೆಲಸಕ್ಕೆ ತುಳಿದರೆ ಬೇರೆ ಗತಿಯಿಲ್ಲ ಅಂತ ಅರ್ಥ. ಜೂನ್ 3 ವಿಶ್ವ ಸೈಕಲ್ ದಿನ. ಅವತ್ತು ಟೀ ಶರ್ಟ್ ಹಾಕಿಕೊಂಡು ಸೈಕಲ್ ಜಾಥಾದಲ್ಲಿ ಫೋಟೊ ಹಿಡಿಸಿಕೊಂಡವರನ್ನು ಯಾರೂ ಬಡವರು ಅನ್ನುವುದಿಲ್ಲ. ಅದೇ ರಸ್ತೆಯಲ್ಲಿ ದಿನಾ ಹೋಗುವ ಗಾರೆ ಕೆಲಸದವರನ್ನು, ಪೇಪರ್ ಹಾಕುವ ಹುಡುಗನನ್ನು ಯಾರೂ ತಿರುಗಿಯೂ ನೋಡುವುದಿಲ್ಲ.

ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಅತ್ತೆ ಮಾತಾಡಿದ್ದು ಆಗ. "ಇವರಪ್ಪ ಸೈಕಲ್‌ನಲ್ಲೇ ಹಾಲು ಹಾಕ್ತಿದ್ರು ಮೇಡಂ. ಎರಡೂ ಕಡೆ ಕ್ಯಾನು ಕಟ್ಕೊಂಡು. ಇವನನ್ನ ಮುಂದೆ ಬಾರ್ ಮೇಲೆ ಕೂರಿಸ್ಕೊಂಡು ಸ್ಕೂಲಿಗೆ ಬಿಡೋರು. ಗೇಟಿನ ಹತ್ರ ಬೇಡ, ತಿರುವಿನಲ್ಲೇ ಇಳ್ಸು ಅಂತಿದ್ದ ಇವ್ನು."

ಮಗ ತಲೆ ತಗ್ಗಿಸಿದರು. ತಂದೆ ತೀರಿಕೊಂಡು ವರ್ಷಗಳಾಗಿವೆ. ಈ ವಿಷಯ ಹೆಂಡತಿಗೂ ಗೊತ್ತಿರಲಿಲ್ಲ. ಶಾಲೆಯಲ್ಲಿ ಹುಡುಗರು ಕ್ಯಾನಿನ ಸದ್ದು ಮಾಡಿ ರೇಗಿಸುತ್ತಿದ್ದರಂತೆ. ದುಡಿದು ಮೊದಲು ತೆಗೆದುಕೊಂಡಿದ್ದೇ ಬೈಕು. ಮತ್ತೆ ಸೈಕಲ್ ಮುಟ್ಟಿಲ್ಲ. ಈಗ ಅಂಗಡಿಗೆ ಬಂದವರು "ಏನಣ್ಣ, ಅಕ್ಕ ಸೈಕಲ್‌ನಲ್ಲಿ ಹೋಗ್ತಿದ್ರು?" ಅಂತ ಸುಮ್ನೆ ಕೇಳಿದರೂ ಅವರ ಕಿವಿಗೆ ಬೀಳುವುದು ಆ ಹುಡುಗರ ದನಿ.

ಆಕೆಯ ಕಥೆ ಇದಕ್ಕೆ ಪೂರ್ತಿ ಉಲ್ಟಾ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಆ ಮೊದಮೊದಲ ವರ್ಷಗಳಲ್ಲಿ ಸೈಕಲ್ ಸಿಕ್ಕವರಲ್ಲಿ ಈಕೆಯೂ ಒಬ್ಬರು. ಹಳ್ಳಿಯಿಂದ ಹೈಸ್ಕೂಲಿಗೆ ನಡೆಯುವುದು ತಪ್ಪಿತು. ಓದು ಬಿಡಿಸುವ ಮಾತು ಮನೆಯಲ್ಲಿ ನಿಂತಿತು. ತನ್ನದು ಅಂತ ಕೈಗೆ ಬಂದ ಮೊದಲ ವಸ್ತು ಅದು. ಸೈಕಲ್ ಅಂದರೆ ಗಂಡನಿಗೆ ಬಿಟ್ಟು ಬಂದ ಬಡತನ, ಹೆಂಡತಿಗೆ ಮನೆಯಿಂದ ಹೊರಗೆ ಕರೆದುಕೊಂಡು ಹೋದ ಗಾಡಿ. ಹತ್ತು ವರ್ಷ ಒಟ್ಟಿಗೆ ಬಾಳಿದರೂ ಇಬ್ಬರೂ ಇದನ್ನು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಭಯದ ಮಾತಿಗೆ ಪೂರ್ತಿ ಬೆಲೆ ಕೊಡಬೇಕು, ಚೌಕಾಸಿ ಬೇಡ. ಬಿ.ಎಂ. ರಸ್ತೆಯಲ್ಲಿ ಬೆಂಗಳೂರು–ಮಂಗಳೂರು ಲಾರಿಗಳು ಓಡುವ ತುಂಡನ್ನು ಬಿಟ್ಟು ಬಡಾವಣೆಯ ಒಳರಸ್ತೆ ಹಿಡಿಯುವುದು. ದಾಟುವ ಕಡೆ ಇಳಿದು ತಳ್ಳಿಕೊಂಡು ದಾಟುವುದು. ಮುಂದೆ ಬಿಳಿ ಲೈಟು, ಹಿಂದೆ ಮಿನುಗುವ ಕೆಂಪು ಲೈಟು, ಮಡ್‌ಗಾರ್ಡಿಗೆ ಹೊಳೆಯುವ ಸ್ಟಿಕ್ಕರ್. ಸೈಕಲ್‌ಗೆ ಹೆಲ್ಮೆಟ್ ಕಾನೂನಿನಲ್ಲಿ ಕಡ್ಡಾಯ ಇಲ್ಲದಿದ್ದರೂ ಹಾಕಿಕೊಳ್ಳುವುದು. ಬೇಗ ಕತ್ತಲಾಗುವ ತಿಂಗಳುಗಳಲ್ಲಿ ಆಫೀಸಿನಲ್ಲಿ ತಡವಾದರೆ ಸೈಕಲ್ ಅಲ್ಲೇ ಬಿಟ್ಟು ಬಸ್ಸಿಗೆ ಬರುವುದು. ಆಷಾಢದ ಜಡಿಮಳೆಗೂ ಬಸ್ಸೇ. ಚೈನಿಗೆ ಪೂರ್ತಿ ಕವರ್ ಹಾಕಿಸುವುದು. ಗ್ರೀಸಿಗಿಂತ ವೇಲು ಚೈನಿಗೆ ಸಿಕ್ಕಿಕೊಳ್ಳುವುದು ದೊಡ್ಡ ಅಪಾಯ. ತಲುಪಿದ ತಕ್ಷಣ ಫೋನ್ ಮಾಡಬೇಕು ಅಂತ ಗಂಡ ಸೇರಿಸಲು ಹೋದರು. ಬೈಕಿನಲ್ಲಿ ಅಂಗಡಿಗೆ ಹೋಗಿ ನೀವು ಫೋನ್ ಮಾಡ್ತೀರಾ ಅಂತ ಆಕೆ ಕೇಳಿದರು. ಅದನ್ನು ಕೈಬಿಟ್ಟೆವು.

ನಾಚಿಕೆಯ ವಿಷಯದಲ್ಲಿ ಹೆಂಡತಿಗೆ ಯಾವ ಕೆಲಸವನ್ನೂ ಕೊಡಲಿಲ್ಲ. ಅದು ಗಂಡನದು, ಅವರೇ ನೋಡಿಕೊಳ್ಳಬೇಕು. ಅಂಗಡಿಗೆ ಬಂದವರು ಕೇಳಿದರೆ ಏನು ಹೇಳುತ್ತೀರಿ ಅಂದೆ. "ಡಾಕ್ಟರು ವ್ಯಾಯಾಮಕ್ಕೆ ಹೇಳಿದ್ದಾರೆ ಅಂತೀನಿ" ಅಂದರು. ಸುಳ್ಳು ಬೇಡ ಅಂದೆ. ಒಂದು ಸುಳ್ಳು ಹೇಳಿದರೆ ನಾಚಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಅದೂ ಇದೂ ಮಾತಾಡಿ ಕೊನೆಗೆ ಒಂದು ವಾಕ್ಯಕ್ಕೆ ಬಂದೆವು. "ಅವಳಿಗೆ ಸೈಕಲ್ ಇಷ್ಟ. ನಿಮಗೇನು ಕೊಡಲಿ?" ವ್ಯಾಪಾರಸ್ಥರಿಗೆ ಒಗ್ಗುವ ಮಾತು. ಗಿರಾಕಿ ಮತ್ತೆ ಸಾಮಾನಿನ ಕಡೆ ತಿರುಗುತ್ತಾನೆ.

ಆಕೆಗೂ ಎರಡು ಮಾತು ಹೇಳಿದೆ. ಹೇಳದೆ ಸೈಕಲ್ ತಂದಿದ್ದಕ್ಕೆ ಗಂಡನಿಗೆ ಆದ ಬೇಸರ ನ್ಯಾಯವಾದದ್ದೇ. ಆ ಬೇಸರ ಕೇಳಿಸಿಕೊಳ್ಳಬೇಕು. ಇನ್ನೊಂದು, ಇವತ್ತು ಅತ್ತೆ ಹೇಳಿದ ಹಾಲಿನ ಕ್ಯಾನಿನ ಕಥೆಯನ್ನು ಮುಂದೆ ಯಾವ ಜಗಳದಲ್ಲೂ ತೆಗೆಯಬಾರದು.

ನಾನು ಹೀಗೆ ಮಾಡಿದ್ದು ಎಲ್ಲರಿಗೂ ಸರಿ ಕಂಡಿಲ್ಲ. ಗಂಡನ ಅಕ್ಕ ಮೊದಲೇ ಒಂದು ರಾಜಿ ಸೂತ್ರ ಕಳಿಸಿದ್ದರು. ವಾರದಲ್ಲಿ ಮೂರು ದಿನ ಸೈಕಲ್, ಮೂರು ದಿನ ಬಸ್ಸು. ಕೇಳಲು ಚೆನ್ನಾಗಿದೆ. ನನ್ನ ಜೊತೆ ಕೆಲಸ ಮಾಡುವವರೂ ಅದನ್ನೇ ಅಂದರು. ಸಂಸಾರ ಉಳಿಯುವುದು ಮುಖ್ಯ, ಆಪ್ತಸಲಹೆಗಾರರು ಯಾರ ಪಕ್ಷವನ್ನೂ ವಹಿಸಬಾರದು ಅಂತ. ಪಕ್ಷ ವಹಿಸಬಾರದು ನಿಜ. ಆದರೆ ಮೂರು ದಿನ ಬಸ್ಸು ಯಾವ ಸಮಸ್ಯೆಗೆ ಮದ್ದು? ಭಯ ಇದ್ದರೆ ಉಳಿದ ಮೂರು ದಿನ ಲಾರಿಗಳು ರಜಾ ತಗೊಳ್ಳುತ್ತವಾ? ನಾಚಿಕೆ ಆದರೆ, ಗಂಡನ ನಾಚಿಕೆಗೆ ಹೆಂಡತಿ ಅರ್ಧ ವಾರ ಬಸ್ ಸ್ಟಾಪಿನಲ್ಲಿ ನಿಂತು ಬಾಡಿಗೆ ಕಟ್ಟಿದ ಹಾಗೆ. ಯಾರಿಗೂ ಕೆಡುಕು ಮಾಡದ ಒಂದು ಅಭ್ಯಾಸವನ್ನು ಅರ್ಧಕ್ಕೆ ಕತ್ತರಿಸಿ ಅದಕ್ಕೆ ಹೊಂದಾಣಿಕೆ ಅಂತ ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಕಡೆ ಹೊಂದಾಣಿಕೆ ಅಂದಾಗಲೆಲ್ಲ ಕತ್ತರಿ ಒಬ್ಬರ ಕಡೆಗೇ ತಿರುಗುತ್ತದೆ, ಅಲ್ವಾ?

ಯಾರೂ ನೋಡದ ದಾರಿಯ ಆ ಪ್ರಶ್ನೆಯನ್ನು ನಿಮ್ಮ ಮನೆಯಲ್ಲಿ ಕೇಳುವ ಮೊದಲು ಒಂದು ಎಚ್ಚರಿಕೆ. ಇದು ಎದುರಿನವರನ್ನು ಸಿಕ್ಕಿಹಾಕಿಸುವ ಉಪಾಯ ಅಲ್ಲ. ಉತ್ತರ ಉಲ್ಟಾ ಬರುವುದೂ ಉಂಟು. ಒಬ್ಬ ಹುಡುಗನ ತಾಯಿಗೆ ಇದನ್ನೇ ಕೇಳಿದ್ದೆ. "ಅಯ್ಯೋ, ಯಾರೂ ಇಲ್ಲದ ದಾರಿಯಂತೂ ಬೇಡವೇ ಬೇಡ, ಬಿದ್ದರೆ ಎತ್ತೋರು ಯಾರು?" ಅಂದರು. ಅವರ ತಮ್ಮ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ. ಅಲ್ಲಿ ಮರ್ಯಾದೆಯ ಮಾತೇ ಇರಲಿಲ್ಲ. ಆ ಹುಡುಗನಿಗೆ ನಾನು ಹೇಳಿದ್ದು ಬೇರೆ. ಒಂದು ಭಾನುವಾರ ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ನೀನು ಹೋಗುವ ದಾರಿ ಪೂರ್ತಿ ತೋರಿಸು, ತಲುಪಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು ಅಂತ. ತಮ್ಮನ ಸಾವಿನ ಬಗ್ಗೆ ಆ ತಾಯಿ ಆಮೇಲೆ ಒಬ್ಬರೇ ಬಂದು ಮಾತಾಡಿ ಹೋದರು.

ಬೆಂಗಳೂರಿನ ಮಗ ಮಾತ್ರ ಪ್ರಶ್ನೆ ಕೇಳಿ ನಕ್ಕು, "ನೀವು ಏನು ಕೇಳ್ತಿದ್ದೀರಿ ಅಂತ ಗೊತ್ತಾಯ್ತು ಬಿಡಿ" ಅಂದರು. ಅಪ್ಪನ ಸೈಕಲ್‌ಗೆ ಹೊಸ ಟೈರ್ ಹಾಕಿಸಿಕೊಟ್ಟು ಹೋದರಂತೆ.

ನಮ್ಮ ದಂಪತಿ ಈಚೆಗೆ ಮತ್ತೆ ಬಂದಿದ್ದರು, ಮಗಳ ಓದಿನ ವಿಷಯಕ್ಕೆ. ಸೈಕಲ್ ನಡೆಯುತ್ತಿದೆ. ಮಳೆಗಾಲದಲ್ಲಿ ಆಕೆ ಮಾತಿನಂತೆ ಬಸ್ಸಿಗೇ ಹೋದರು. ಅಂಗಡಿಯ ವಾಕ್ಯ ಮೊದಲ ವಾರ ಬಾಯಿಗೇ ಬರಲಿಲ್ಲವಂತೆ, ಈಗ ಕೇಳುವವರೇ ಕಡಿಮೆಯಾಗಿದ್ದಾರೆ. ಗಂಡನಿಗೆ ಸೈಕಲ್ ಇಷ್ಟ ಆಗಿಲ್ಲ. ಇಷ್ಟ ಆಗಬೇಕು ಅಂತ ನಾನೂ ಹೇಳಿರಲಿಲ್ಲ. ಸ್ಕೂಟಿಯ ಆಸೆಯನ್ನೂ ಅವರು ಬಿಟ್ಟಿಲ್ಲ. ಅಂಗಡಿ ಸಾಲ ತೀರಲಿ, ಆಮೇಲೆ ನನಗೆ ಬೇಕು ಅನ್ನಿಸಿದರೆ ನಾನೇ ಕೇಳ್ತೀನಿ ಅಂತ ಆಕೆ ಹೇಳಿದ್ದಾರೆ.