ತೆಂಗಿನ ಮರಕ್ಕೇ ಮೋಹಕ ಬಲೆ ಕಟ್ಟಿದವರಿಗೆ

ತೆಂಗಿನ ಕಾಂಡ ಕೊರೆಯುವ ಕೆಂಪು ಮೂತಿ ಹುಳುವನ್ನು ವಾಸನೆಯ ಪೊಟ್ಟಣದಿಂದ ಸೆಳೆದು ಬಕೆಟ್ಟಿಗೆ ಬೀಳಿಸುವ ಬಲೆಯನ್ನು ಎಂಟು ವರ್ಷದ ತೆಂಗಿನ ಮರಕ್ಕೆ ಮೊಳೆ ಹೊಡೆದು ತೂಗುಹಾಕಿದ ಚಿತ್ರವನ್ನೂ, ವಾರದಲ್ಲಿ ಹದಿನಾಲ್ಕು ಹುಳು ಬಿದ್ದಿವೆ, ಇನ್ನೂ ಮೂರು ಬಲೆ ಕಟ್ಟಲೇ ಎಂಬ ತಮ್ಮ ಪ್ರಶ್ನೆಯನ್ನೂ ನೋಡಿದೆ. ದಯವಿಟ್ಟು ಕಟ್ಟಬೇಡಿ; ಇರುವುದನ್ನೂ ಇಂದೇ ಆ ಮರದಿಂದ ಇಳಿಸಿ.

ಇದೇ ಕೆಲಸ ಮಾಡಿ ನಾನು ಎರಡು ಮರ ಕಳೆದುಕೊಂಡಿದ್ದೇನೆ. ಬಕೆಟ್ಟಿಗೆ ಬಿದ್ದವನ್ನು ದಿನವೂ ಎಣಿಸಿ ಹಿಗ್ಗುತ್ತಿದ್ದೆನೇ ಹೊರತು, ಬಂದೂ ಬೀಳದೆ ಉಳಿದವು ಎಲ್ಲಿ ಹೋದವು ಎಂದು ಯೋಚಿಸಲಿಲ್ಲ. ಕೆಲವು ತಿಂಗಳಲ್ಲಿ ಬಲೆ ಕಟ್ಟಿದ ಮರದ ಕಾಂಡದಿಂದ ಕಂದು ರಸ ಒಸರಿತು; ಕಿವಿಯಿಟ್ಟರೆ ಒಳಗೆ ಮರಿಹುಳು ನಾರು ಕಡಿಯುವ ಕರಕರ ಸದ್ದು ಕೇಳುತ್ತಿತ್ತು.

ಇದನ್ನು ಲಿಂಗಾಕರ್ಷಕ ಬಲೆ ಎನ್ನುವುದೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಗಂಡು ಹುಳು ಸೂಸುವ ಫೆರುಜಿನಿಯಾಲ್ ಎಂಬ ವಾಸನೆ ಗಂಡು ಹೆಣ್ಣೆರಡನ್ನೂ ಒಂದೆಡೆ ಗುಂಪುಗೂಡಿಸುವ ಕರೆ. ಬರುವವುಗಳಲ್ಲಿ ಹೆಣ್ಣೇ ಹೆಚ್ಚು. ಹಾಗೆ ಬಂದ ಹೆಣ್ಣಿಗೆ ಪಕ್ಕದಲ್ಲೇ ಮೊಳೆಯ ಹಸಿಗಾಯ ಸಿಕ್ಕರೆ ಅದು ಬಕೆಟ್ಟಿಗೆ ಏಕೆ ಇಳಿದೀತು, ಅಲ್ಲೇ ಮೊಟ್ಟೆಯಿಡುತ್ತದೆ. ಆದ್ದರಿಂದ ಹೆಕ್ಟೇರಿಗೆ ಒಂದೇ ಬಲೆ ಸಾಕು. ಅದೂ ಎಳೆಯ ತೆಂಗಿನಿಂದ ದೂರ, ಬೇಲಿಯಂಚಿನ ಗೂಟಕ್ಕೆ ಎದೆಯೆತ್ತರದಲ್ಲಿ, ನೆರಳಿನಲ್ಲಿರಲಿ. ಬೇಲಿಯಾಚೆ ನೆರೆಯವರ ಎಳೆ ತೋಟವಿದ್ದರೆ ಆ ಅಂಚೂ ಬೇಡ.

ವಾಸನೆಯ ಪೊಟ್ಟಣವೊಂದನ್ನೇ ನಂಬಬೇಡಿ. ಹುಳಿಯುವ ಮೇವು ಜೊತೆಗಿದ್ದರೇ ಅದಕ್ಕೆ ಬಲ. ನಾನು ಅನಾನಸಿನ ಸಿಪ್ಪೆ, ಒಂದು ಹಿಡಿ ಬೆಲ್ಲ ಮತ್ತು ಚಿಟಿಕೆ ಯೀಸ್ಟನ್ನು ನೀರಿನಲ್ಲಿ ಕದಡಿ, ಹತ್ತು ದಿನಕ್ಕೊಮ್ಮೆ ಬದಲಿಸುತ್ತೇನೆ. ನೀರು ಆರಿದ ಬಕೆಟ್ಟಿನಿಂದ ಹುಳು ಸಲೀಸಾಗಿ ಹೊರಬರುತ್ತದೆ. ತಮ್ಮ ಚಿತ್ರದಲ್ಲಿ ನೀರೇ ಕಾಣುತ್ತಿಲ್ಲ! ಬಕೆಟ್ಟಿನ ಹೊರಮೈಗೆ ಗೋಣಿ ಸುತ್ತಿರಿ, ನುಣುಪು ಪ್ಲಾಸ್ಟಿಕ್ಕನ್ನು ಹುಳು ಹತ್ತಲಾರದು. ಒಳಮೈ ಮಾತ್ರ ನುಣುಪಾಗಿಯೇ ಇರಲಿ. ತಯಾರಿಕೆಯ ದಿನಾಂಕವಿಲ್ಲದ ಅಗ್ಗದ ಪೊಟ್ಟಣಗಳನ್ನು ಯಾರು ಮಾರಿದರೂ ನಾನು ಕೊಳ್ಳುವುದಿಲ್ಲ. ಒಳ್ಳೆಯದನ್ನೂ ಅಂಗಡಿಯವರು ಬಿಸಿಲಿಗಿಟ್ಟಿದ್ದರೆ ಪ್ರಯೋಜನವಿಲ್ಲ.

ಹಸಿ ಮಡಲನ್ನು ಕಾಂಡಕ್ಕೆ ಹೊಂದಿಸಿ ಕಡಿಯುವ ಅಭ್ಯಾಸವನ್ನೂ ಬಿಡಿ. ಕಡಿಯಲೇಬೇಕಾದರೆ ನಾಲ್ಕು ಅಡಿ ದಂಟು ಉಳಿಸಿ. ಗಾಯದ ವಾಸನೆಯೂ ಈ ಹುಳುವಿಗೆ ಆಹ್ವಾನವೇ. ಸುಳಿ ಕೊರೆಯುವ ಕುರುವಾಯಿ ದುಂಬಿ ಮಾಡಿದ ತೂತಿನಲ್ಲಿಯೂ ಇದು ಮೊಟ್ಟೆಯಿಡುತ್ತದೆ. ಆದರೆ ಆ ದುಂಬಿಯ ವಾಸನೆ ಬೇರೆ, ಪೊಟ್ಟಣವೂ ಬೇರೆ. ಆ ದುಂಬಿಯನ್ನು ತಡೆಯಲು ಮೊದಲು ಗೊಬ್ಬರದ ಗುಂಡಿಯನ್ನು ಕೆದಕಿ ಅದರ ಮರಿಗಳನ್ನು ಹೆಕ್ಕಿ ತೆಗೆಯಬೇಕು. ಈ ವಾರ ಬಲೆ ಇಳಿಸಿದ ಮೇಲೆ ಮೊಳೆಯ ತೂತನ್ನೊಮ್ಮೆ ಹತ್ತಿರದಿಂದ ನೋಡಿ. ನಾರಿನ ಪುಡಿ ಹೊರಬಂದಿದ್ದರೆ ಅದರ ಚಿತ್ರವನ್ನು ಇಲ್ಲಿಯೇ ಹಾಕಿ.