ಒಂದೇ ಪದರದಲ್ಲಿ ಕಾಂತಗುಣ ಉಳಿಯೋದು ಹೇಗೆ?

ಒಂದೇ ಪದರದ ಹಾಳೆಯಲ್ಲಿ ಕಾಂತಗುಣ ನಿಲ್ಲಲ್ಲ ಅಂತ 1966ರಲ್ಲೇ ಭೌತವಿಜ್ಞಾನಿಗಳಾದ ಮರ್ಮಿನ್, ವ್ಯಾಗ್ನರ್ ತೋರಿಸಿದ್ದರಲ್ಲ, ಮತ್ತೆ ಕ್ರೋಮಿಯಂ ಮತ್ತು ಅಯೋಡಿನ್ ಸೇರಿದ ಹರಳು ಕ್ರೋಮಿಯಂ ಅಯೋಡೈಡ್ ಹೇಗೆ ಅಯಸ್ಕಾಂತ ಆಯ್ತು ಅಂತ ಕೇಳಿದ್ದೀರಿ. ಅವರ ಲೆಕ್ಕ ತಪ್ಪಲ್ಲ. ಆದರೆ ಅದು ಪರಮಾಣುಗಳೊಳಗಿನ ಪುಟ್ಟ ಅಯಸ್ಕಾಂತಗಳಂತಿರುವ ಸ್ಪಿನ್‌ಗಳಿಗೆ ಎಲ್ಲ ದಿಕ್ಕೂ ಒಂದೇ ಆಗಿರುವ ವಸ್ತುಗಳಿಗೆ ಮಾತ್ರ. ಕ್ರೋಮಿಯಂ ಅಯೋಡೈಡಿನಲ್ಲಿ ಸ್ಪಿನ್‌ಗಳು ಹಾಳೆಗೆ ನೆಟ್ಟಗೆ ನಿಲ್ಲುತ್ತವೆ, ಮೇಲಕ್ಕೆ ಇಲ್ಲವೇ ಕೆಳಕ್ಕೆ, ಅಡ್ಡ ಮಲಗಿಸಬೇಕಾದರೆ ಜಾಸ್ತಿ ಶಕ್ತಿ ಬೇಕು, ಹಾಗಾಗಿ ಸ್ವಲ್ಪ ಬಿಸಿಗೆಲ್ಲ ಸುಮ್ನೆ ಸಾಲು ತಪ್ಪುವುದಿಲ್ಲ. 2017ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಎಂಐಟಿಯ ತಂಡಗಳು ಈ ಕಾಂತಗುಣವನ್ನು ಒಂದೇ ಪದರದಲ್ಲಿ ಕಂಡವು, ಅದೂ 45 ಕೆಲ್ವಿನ್‌ಗಿಂತ ಕೆಳಗೆ, ಅಂದರೆ ಸುಮಾರು ಮೈನಸ್ 228 ಡಿಗ್ರಿ ಸೆಲ್ಸಿಯಸ್.

ನನಗೆ ಇನ್ನೂ ಇಷ್ಟವಾಗೋದು ಎರಡು ಪದರದ ಕಥೆ. ಅಲ್ಲಿ ಒಂದು ಪದರ ಮೇಲಕ್ಕಾದರೆ ಇನ್ನೊಂದು ಕೆಳಕ್ಕೆ, ಒಟ್ಟು ಕಾಂತಗುಣ ಸೊನ್ನೆ. ಹೊರಗಿನಿಂದ ಕಾಂತಕ್ಷೇತ್ರ ಕೊಟ್ಟು ಎರಡನ್ನೂ ಒಂದೇ ಕಡೆಗೆ ತಿರುಗಿಸಿದರೆ ಒಂದು ಪದರದಿಂದ ಇನ್ನೊಂದಕ್ಕೆ ದಾಟುವ ಕರೆಂಟ್ ಒಮ್ಮೆಲೇ ಏರುತ್ತದೆ. ಕಡಿಮೆ ಕರೆಂಟ್ ಸೊನ್ನೆ, ಜಾಸ್ತಿ ಕರೆಂಟ್ ಒಂದು ಅಂತಿಟ್ಟುಕೊಂಡರೆ ಅದೇ ಮೆಮೊರಿ ಅಲ್ವಾ? ಕೊಠಡಿಯ ಉಷ್ಣತೆಯಲ್ಲಿ ಕೆಲಸ ಮಾಡಬೇಕು, ಗಾಳಿಯ ತೇವಕ್ಕೆ ಹಾಳಾಗಬಾರದು, ಈ ಎರಡು ತೊಡಕು ಬಿಡಿಸದೆ ಇದು ಫೋನಿನೊಳಗೆ ಬರಲ್ಲ.